ಹದಿನಾರರ ಬೇಲಿ, ಏಳು ಗಂಟೆಯ ಸೈರನ್

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್‌ಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ತಿಂಗಳು ಕಳೆದು ಕೆಲವು ದಿನವಾಗುವಷ್ಟರಲ್ಲಿ, ಸುಮಾರು 47 ಲಕ್ಷ ಖಾತೆಗಳಿಗೆ ಬೀಗ ಬಿದ್ದಿದೆ ಎಂದು ಅಲ್ಲಿನ ಸರಕಾರ ಹೇಳಿತು. ಅದೇ ಹೊತ್ತಿಗೆ ಗೋವಾ ಮತ್ತು ಆಂಧ್ರಪ್ರದೇಶದ ಸಚಿವರು ತಮ್ಮಲ್ಲೂ ಇಂಥದ್ದನ್ನು ಪರಿಶೀಲಿಸುತ್ತಿದ್ದೇವೆ ಎಂದರು. ಇಂಥ ಸುದ್ದಿ ಮನೆಯ ವಾಟ್ಸ್ಯಾಪ್ ಗುಂಪಿಗೆ ಬರುವಷ್ಟರಲ್ಲಿ ‘ಮಕ್ಕಳಿಗೆ ಮೊಬೈಲ್ ಬ್ಯಾನ್’ ಆಗಿಬಿಟ್ಟಿರುತ್ತದೆ. ಅರ್ಧ ಜನ ಚಪ್ಪಾಳೆ ತಟ್ಟುತ್ತಾರೆ, ಇನ್ನರ್ಧ ಜನ ‘ಆನ್‌ಲೈನ್ ಪಾಠಕ್ಕೆ ಏನು ಮಾಡೋದು’ ಎಂದು ಕೇಳುತ್ತಾರೆ.

ಇಬ್ಬರೂ ಜಗಳವಾಡುತ್ತಿರುವುದು ಆ ಕಾನೂನಿನಲ್ಲಿ ಇಲ್ಲದ ಸಂಗತಿಗೆ. ಹಾಗಾಗಿ ಮೊದಲು ಅದರಲ್ಲಿ ಏನಿದೆ ಎಂಬುದನ್ನು ನೋಡೋಣ.

ತಡೆದಿದ್ದು ಫೋನನ್ನಲ್ಲ, ಖಾತೆಯನ್ನು

ಆಸ್ಟ್ರೇಲಿಯಾದ ಸಂಸತ್ತು 2024ರ ನವೆಂಬರ್ ಕೊನೆಯಲ್ಲಿ ಈ ಕಾನೂನಿಗೆ ಒಪ್ಪಿಗೆ ಕೊಟ್ಟು, ಕಂಪನಿಗಳಿಗೆ ಒಂದು ವರ್ಷದ ಗಡುವು ನೀಡಿತು. ಕಾನೂನಿನ ತಿರುಳು ಇಷ್ಟೇ: ಪಟ್ಟಿಯಲ್ಲಿರುವ ಜಾಲತಾಣಗಳು 16 ತುಂಬದವರಿಗೆ ಖಾತೆ ಸಿಗದಂತೆ ‘ಸಮಂಜಸವಾದ ಕ್ರಮ’ ಕೈಗೊಳ್ಳಬೇಕು. ಕೈಗೊಳ್ಳದಿದ್ದರೆ 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮಗುವಿಗೆ ದಂಡವಿಲ್ಲ, ಅಪ್ಪ ಅಮ್ಮಂದಿರಿಗೂ ಇಲ್ಲ. ಹಾಗೆಯೇ ‘ನಮ್ಮ ಮಗಳಿಗೆ ನಾವೇ ಅನುಮತಿ ಕೊಡುತ್ತೇವೆ’ ಎನ್ನುವ ಅವಕಾಶವೂ ಇಲ್ಲ.

ಮೊದಲ ಪಟ್ಟಿಯಲ್ಲಿ ಫೇಸ್‌ಬುಕ್, ಥ್ರೆಡ್ಸ್, ಎಕ್ಸ್, ರೆಡಿಟ್, ಟ್ವಿಚ್, ಕಿಕ್ ಕೂಡ ಸೇರಿ ಹತ್ತು ತಾಣಗಳಿದ್ದವು. ವಾಟ್ಸ್ಯಾಪ್, ಮೆಸೆಂಜರ್, ಯೂಟ್ಯೂಬ್ ಕಿಡ್ಸ್, ಗೂಗಲ್ ಕ್ಲಾಸ್‌ರೂಂ ಹೊರಗುಳಿದವು. ಯೂಟ್ಯೂಬನ್ನೂ ಮೊದಲು ಕೈಬಿಟ್ಟಿದ್ದ ಸರಕಾರ 2025ರ ಜುಲೈನಲ್ಲಿ ಮನಸ್ಸು ಬದಲಿಸಿ ಪಟ್ಟಿಗೆ ಸೇರಿಸಿತು. ಆದರೂ ಲಾಗಿನ್ ಆಗದೆ ಯೂಟ್ಯೂಬ್ ನೋಡುವುದಕ್ಕೆ ಅಲ್ಲಿನ ಮಕ್ಕಳಿಗೆ ಅಡ್ಡಿಯಿಲ್ಲ.

ಹಾಗಿದ್ದರೆ ತಡೆದು ಏನು ಬಂತು ಎಂದು ಕೇಳಬಹುದು. ಉತ್ತರ ಖಾತೆಯ ಕೆಲಸದಲ್ಲಿದೆ. ನೀವು ಯಾವ ವಿಡಿಯೊದ ಮುಂದೆ ಎಷ್ಟು ಸೆಕೆಂಡು ನಿಂತಿರಿ, ಯಾವುದನ್ನು ಬೇಗ ದಾಟಿದಿರಿ ಎಂಬುದು ದಿನದಿಂದ ದಿನಕ್ಕೆ ಖಾತೆಯಲ್ಲಿ ಸೇರುತ್ತಾ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ‘ನಿಮ್ಮ ಗೆಳತಿ ಹೊಸ ಫೋಟೊ ಹಾಕಿದ್ದಾಳೆ’ ಎಂಬ ಸದ್ದು ಬರುವುದೂ ಖಾತೆ ಇರುವುದರಿಂದಲೇ. ಮಗು ಏನನ್ನು ನೋಡುತ್ತದೆ ಎನ್ನುವುದಕ್ಕಿಂತ, ಮಗುವನ್ನು ಮತ್ತೆ ಮತ್ತೆ ಕರೆಯುವ ಏರ್ಪಾಡಿನ ಮೇಲೆ ಈ ಕಾನೂನಿನ ಕಣ್ಣು. ಈ ವ್ಯತ್ಯಾಸ ಹಿಡಿಯದಿದ್ದರೆ ಮುಂದಿನ ಚರ್ಚೆಯೆಲ್ಲ ದಾರಿ ತಪ್ಪುತ್ತದೆ.

ನಮ್ಮ ಹಿಡಿತ ನಮಗೇ ಏಕೆ ಸಿಗುವುದಿಲ್ಲ

ಸರಕಾರ ಏಕೆ ಬೇಕು, ಮನೆಯಲ್ಲೇ ಶಿಸ್ತು ತಂದರಾಯಿತಲ್ಲ ಎನ್ನುವುದು ಸಹಜವಾದ ಮಾತು. ಶಿಸ್ತಿನ ಸಾಧನಗಳೂ ಫೋನಿನಲ್ಲೇ ಇವೆ. 2018ರಲ್ಲಿ ಆಪಲ್ ‘ಸ್ಕ್ರೀನ್ ಟೈಮ್’ ತಂದಿತು, ಗೂಗಲ್ ‘ಡಿಜಿಟಲ್ ವೆಲ್‌ಬೀಯಿಂಗ್’ ತಂದಿತು. ಇನ್‌ಸ್ಟಾಗ್ರಾಂಗೆ ದಿನಕ್ಕೆ 30 ನಿಮಿಷ ಎಂದು ನಾವೇ ಹಾಕಿಕೊಳ್ಳಬಹುದು. ಸಮಯ ಮುಗಿದಾಗ ಐಫೋನ್ ಪರದೆಯ ಮೇಲೆ ಒಂದು ಮರಳು ಗಡಿಯಾರ ಬರುತ್ತದೆ. ಅದರ ಕೆಳಗೇ ಮಿತಿಯನ್ನು ಕಡೆಗಣಿಸುವ ಗುಂಡಿ. ಒತ್ತಿದರೆ ಇನ್ನೊಂದು ನಿಮಿಷವೋ, ಹದಿನೈದು ನಿಮಿಷವೋ, ಇಡೀ ದಿನಕ್ಕೋ ಎಂದು ಕೇಳುತ್ತದೆ. ಬೀಗವನ್ನೂ ಕೀಲಿಯನ್ನೂ ಒಬ್ಬರ ಕೈಗೇ ಕೊಟ್ಟರೆ ಆಗುವುದು ಇದೇ.

ಕಂಪನಿಗಳ ಲೆಕ್ಕವೂ ಇಲ್ಲಿ ಸೇರುತ್ತದೆ. ಜಾಲತಾಣದ ಆದಾಯ ಜಾಹೀರಾತಿನಿಂದ, ಜಾಹೀರಾತಿನ ಲೆಕ್ಕ ನೋಡುಗ ಕಳೆದ ಹೊತ್ತಿನಿಂದ. ಪುಟಕ್ಕೆ ಕೊನೆಯೇ ಇಲ್ಲದಂತೆ ಕೆಳಗೆ ಜಾರುತ್ತಾ ಹೋಗುವ ವಿನ್ಯಾಸ, ಒಂದು ವಿಡಿಯೊ ಮುಗಿಯುತ್ತಲೇ ತಾನಾಗಿ ಶುರುವಾಗುವ ಇನ್ನೊಂದು, ಇವೆಲ್ಲ ನಿಲ್ಲಬೇಕಾದ ಜಾಗವನ್ನೇ ತೆಗೆದುಹಾಕುತ್ತವೆ. ಆಮೇಲೆ ನಿಲ್ಲಿಸಲಾಗದ ತಪ್ಪು ಮಾತ್ರ ಬಳಸುವವರದ್ದಾಗುತ್ತದೆ.

ಆದರೆ ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಅರ್ಥಶಾಸ್ತ್ರಜ್ಞರ ತಂಡವೊಂದು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿತು: ನಾಲ್ಕು ವಾರ ಟಿಕ್‌ಟಾಕ್ ಬಿಡಲು ನಿಮಗೆ ಎಷ್ಟು ಹಣ ಕೊಡಬೇಕು? ಸರಾಸರಿ ಉತ್ತರ ಸುಮಾರು 59 ಡಾಲರ್. ಇನ್‌ಸ್ಟಾಗ್ರಾಂಗೆ 47. ಆಮೇಲೆ ಪ್ರಶ್ನೆ ಬದಲಾಯಿತು: ನೀವೂ ಸೇರಿ ನಿಮ್ಮ ಕಾಲೇಜಿನ ಎಲ್ಲರೂ ಬಿಟ್ಟರೆ? ಈಗ ಹಣ ಕೇಳುವುದಿರಲಿ, ಹಾಗಾಗುವುದಾದರೆ ತಾವೇ 28 ಡಾಲರ್ ಕೊಡಲು ವಿದ್ಯಾರ್ಥಿಗಳು ತಯಾರಿದ್ದರು. ಇನ್‌ಸ್ಟಾಗ್ರಾಂಗಾದರೆ 10 ಡಾಲರ್.

ಅದೇ ಹುಡುಗ, ಅದೇ ಆ್ಯಪ್. ಒಬ್ಬನೇ ಬಿಡುವುದು ನಷ್ಟ, ಎಲ್ಲರೂ ಬಿಡುವುದು ಲಾಭ. ಪಂಕ್ತಿಯ ಮಧ್ಯದಿಂದ ಒಬ್ಬರೇ ಎದ್ದು ಹೋಗುವುದು ಎಷ್ಟು ಕಷ್ಟವೋ ಇದೂ ಅಷ್ಟೇ. ಊಟ ಸಾಕಾಗಿದ್ದರೂ ಎಲ್ಲರೂ ಏಳುವ ತನಕ ಕೂತೇ ಇರಬೇಕು. ತರಗತಿಯ ತಮಾಷೆ, ಹುಟ್ಟುಹಬ್ಬದ ಕರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬ ಸುದ್ದಿ ಎಲ್ಲವೂ ಅಲ್ಲೇ ನಡೆಯುವಾಗ ಹೊರಗುಳಿಯುವವರು ಬಿಡುವುದು ಆ್ಯಪನ್ನಲ್ಲ, ಗೆಳೆಯರನ್ನು. ‘ನಿನಗೆ ಮನೋಬಲ ಇಲ್ಲ’ ಎಂದು ಮಕ್ಕಳನ್ನು ಗದರುವವರು ಈ ಪ್ರಯೋಗವನ್ನೊಮ್ಮೆ ನೆನೆಯಬೇಕು.

ಊರೇ ಫೋನ್ ಕೆಳಗಿಟ್ಟಾಗ

ಎಲ್ಲರೂ ಒಟ್ಟಿಗೆ ಬಿಡುವುದು ಹೇಗಿರುತ್ತದೆ ಎಂಬುದನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗಬೇಕಿಲ್ಲ. ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ, ಸುಮಾರು 3,000 ಜನಸಂಖ್ಯೆಯ ಹಳ್ಳಿಯಿದೆ. ಕೋವಿಡ್ ಕಾಲದ ಆನ್‌ಲೈನ್ ಪಾಠ ಮುಗಿದ ಮೇಲೂ ಮಕ್ಕಳ ಕೈಯಿಂದ ಫೋನ್ ಇಳಿಯಲಿಲ್ಲ ಎನ್ನುವುದು ಅಲ್ಲಿನ ಶಿಕ್ಷಕರ ದೂರು. 2022ರ ಆಗಸ್ಟ್ 15ರಂದು ಊರು ಒಂದು ತೀರ್ಮಾನಕ್ಕೆ ಬಂತು. ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಸೈರನ್ ಕೂಗುತ್ತದೆ, ಮೊಬೈಲ್ ಮತ್ತು ಟಿ.ವಿ. ಬಂದ್. ಎಂಟೂವರೆಗೆ ಮತ್ತೊಮ್ಮೆ ಕೂಗಿದಾಗ ಬಿಡುಗಡೆ.

ಇದು ಸೈರನ್ ಹಾಕಿದ ಕೂಡಲೇ ಆದ ಪವಾಡವಲ್ಲ. ಗಂಡಸರು ಮೊದಲು ನಕ್ಕರು. ಪಂಚಾಯಿತಿ ಹೆಂಗಸರ ಸಭೆ ಕರೆಯಿತು, ಧಾರಾವಾಹಿ ಅತಿಯಾಯಿತು ಎಂದು ಅವರೇ ಒಪ್ಪಿಕೊಂಡರು. ಆರಂಭದಲ್ಲಿ ಪಂಚಾಯಿತಿ ಸಿಬ್ಬಂದಿ, ಶಿಕ್ಷಕರು, ನಿವೃತ್ತ ನೌಕರರು ಮನೆಮನೆ ಸುತ್ತಿ ಆರಿಸಿ ಎಂದು ಹೇಳಬೇಕಾಯಿತು. ಸುತ್ತಲಿನ ಊರುಗಳೂ ಇದನ್ನು ಕಲಿತವು. ಬೆಳಗಾವಿ ಪಕ್ಕದ ಹಲಗಾದಲ್ಲಿ ಈಗ ಏಳರಿಂದ ಒಂಬತ್ತರವರೆಗೆ ಇಂಥದ್ದೇ ಕಟ್ಟುಪಾಡು.

ಇಲ್ಲಿ ಮೂರು ಸಂಗತಿ ಒಟ್ಟಿಗೆ ಕೂಡಿಬಂದಿವೆ. ಮಿತಿ ಮಕ್ಕಳಿಗೆ ಮಾತ್ರ ಅಲ್ಲ, ಸರಪಂಚನ ಫೋನೂ ಆರಬೇಕು. ಹೊತ್ತು ಸಣ್ಣದು, ಆದ್ದರಿಂದ ದಿನದ ಕೆಲಸ ಕೆಡುವುದಿಲ್ಲ. ಪಕ್ಕದ ಮನೆಯೂ ಆರಿಸಿದೆ ಎಂಬುದು ಕಿವಿಗೇ ಗೊತ್ತಾಗುತ್ತದೆ, ಟಿ.ವಿ. ಸದ್ದಿಲ್ಲ. ಕಾಲೇಜು ವಿದ್ಯಾರ್ಥಿಗಳು ಹಣ ಕೊಟ್ಟಾದರೂ ಪಡೆಯಲು ಬಯಸಿದ್ದು ಇದನ್ನೇ. ಹಾಗೆಂದು 3,000 ಜನರ ಊರಿನ ಉಪಾಯವನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಎತ್ತಿ ತಂದರೆ ನಿಲ್ಲುವುದು ಅನುಮಾನ. ಏಳು ಗಂಟೆಗೆ ಅಲ್ಲಿ ಅರ್ಧ ಜನ ಕ್ಯಾಬಿನಲ್ಲಿರುತ್ತಾರೆ, ಇನ್ನರ್ಧ ಜನ ಅಮೆರಿಕದ ಕಚೇರಿಯ ಕರೆಗೆ ಕಾಯುತ್ತಿರುತ್ತಾರೆ.

ಅದೇ ಸಂಜೆ ಹೊತ್ತು, ಬೇರೆ ತೀರ್ಪು

ಈಗ ಇದರ ಪಕ್ಕದಲ್ಲಿ ಇನ್ನೊಂದು ಪ್ರಕರಣ ಇಟ್ಟು ನೋಡಿ. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ಹಾಸ್ಟೆಲ್‌ನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನ್ ಬಳಸುವಂತಿರಲಿಲ್ಲ. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲ್‌ನಿಂದ ಹೊರಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು.

ಹಳ್ಳಿಯಲ್ಲಿ ಸುಧಾರಣೆ ಎನಿಸಿಕೊಂಡದ್ದು ಹಾಸ್ಟೆಲ್‌ನಲ್ಲಿ ಹಕ್ಕಿನ ಉಲ್ಲಂಘನೆಯಾಯಿತು. ಹೊತ್ತು ಹೆಚ್ಚುಕಮ್ಮಿ ಅದೇ, ಉದ್ದೇಶವೂ ಓದಲಿ ಎಂಬುದೇ. ಬದಲಾದದ್ದು ನಿಯಮ ಮಾಡಿದವರಿಗೂ ಪಾಲಿಸುವವರಿಗೂ ಇರುವ ಸಂಬಂಧ. ಹಾಸ್ಟೆಲ್‌ನಲ್ಲಿ ಬಾಗಿಲ ಆಚೆ ನಿಂತವರು ಬಾಗಿಲ ಈಚೆಯವರಿಗೆ ಮಾಡಿದ ನಿಯಮ ಅದು, ಅವರೆಲ್ಲ 18 ದಾಟಿದವರು ಬೇರೆ.

ನಮ್ಮ ದೇಶದಲ್ಲಿ ಫೋನಿನ ಮೇಲಿನ ಕಡಿವಾಣ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2016ರಲ್ಲಿ ಗುಜರಾತಿನ ಮೆಹ್ಸಾನಾ ಜಿಲ್ಲೆಯ ಸೂರಜ್ ಎಂಬ ಹಳ್ಳಿ ಮದುವೆಯಾಗದ ಹೆಣ್ಣುಮಕ್ಕಳು ಮೊಬೈಲ್ ಹಿಡಿದರೆ 2,100 ರೂಪಾಯಿ ದಂಡ ಎಂದಿತ್ತು. ಹುಡುಗರಿಗೆ ಅಂಥ ನಿಯಮವಿರಲಿಲ್ಲ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2023ರ ವರದಿ ನೋಡಿ: ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14ರಿಂದ 18 ವರ್ಷದವರಲ್ಲಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ 43.7 ಶೇಕಡಾ, ಹುಡುಗಿಯರಲ್ಲಿ 19.8 ಶೇಕಡಾ. ಕಾನೂನು ಬರುವ ಮೊದಲೇ ಒಂದು ಬೇಲಿ ಇದೆ. ‘ಸರಕಾರವೇ ಬೇಡ ಅಂದಿದೆ’ ಎಂಬ ಮಾತು ಸಿಕ್ಕರೆ ಆ ಬೇಲಿ ಯಾರ ಸುತ್ತ ಬಿಗಿಯಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಭಾರತದಲ್ಲಿ ಈ ಚರ್ಚೆ ನಡೆಸುವವರು ಈ ಭಾಗವನ್ನು ಹಾರಿಸಿಬಿಡುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಹಾನಿ ಎಷ್ಟು? ತಜ್ಞರಲ್ಲೇ ಒಮ್ಮತವಿಲ್ಲ

ನಿಷೇಧದ ಪರ ಗಟ್ಟಿಯಾಗಿ ಮಾತಾಡುವವರಲ್ಲಿ ಅಮೆರಿಕದ ಸಾಮಾಜಿಕ ಮನೋವಿಜ್ಞಾನಿ ಜೊನಾಥನ್ ಹೈಟ್ ಪ್ರಮುಖರು. ಸ್ಮಾರ್ಟ್‌ಫೋನ್ ಮತ್ತು ಜಾಲತಾಣಗಳು ಹದಿಹರೆಯದವರ ಕೈಗೆ ಬಂದ 2010ರ ದಶಕದ ಆರಂಭದಿಂದಲೇ ಅವರ ಆತಂಕ, ಖಿನ್ನತೆ ಏರಿದೆ ಎಂಬುದು ಹೈಟ್ ವಾದ. ಕ್ಯಾಂಡಿಸ್ ಆಡ್ಜರ್ಸ್‌ರಂಥ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಎರಡು ಗೆರೆ ಒಟ್ಟಿಗೆ ಮೇಲೇರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ, ಮೊದಲೇ ನೊಂದ ಮಕ್ಕಳು ಫೋನಿಗೆ ಹೆಚ್ಚು ಅಂಟಿಕೊಂಡಿರಲೂಬಹುದು ಎನ್ನುತ್ತಾರೆ. 2019ರಲ್ಲಿ ಸಂಶೋಧಕರಾದ ಏಮಿ ಓರ್ಬನ್ ಮತ್ತು ಆ್ಯಂಡ್ರೂ ಶಿಬಿಲ್ಸ್ಕಿ ಲಕ್ಷಾಂತರ ಹದಿಹರೆಯದವರ ಸಮೀಕ್ಷೆಗಳನ್ನು ಜಾಲಾಡಿ, ಅವರ ನೆಮ್ಮದಿಯಲ್ಲಿನ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4 ಶೇಕಡಾ ಎಂದರು.

ದೊಡ್ಡವರ ಮೇಲಿನ ಪ್ರಯೋಗವೂ ನಡುವಿನ ಉತ್ತರವನ್ನೇ ಕೊಟ್ಟಿದೆ. 2018ರ ಅಮೆರಿಕದ ಚುನಾವಣೆಗೆ ಮೊದಲು ನಾಲ್ಕು ವಾರ ಫೇಸ್‌ಬುಕ್ ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ನೆಮ್ಮದಿ ತುಸು ಹೆಚ್ಚಿತು, ಜೊತೆಗೆ ದೇಶದ ಸುದ್ದಿಯ ತಿಳಿವಳಿಕೆ ತುಸು ಇಳಿಯಿತು. ಲಾಭ ಇದೆ, ಆದರೆ ಅದು ಬಿಟ್ಟಿಯಲ್ಲ.

ಸರಾಸರಿ ಸಣ್ಣದಿದ್ದರೂ ಕೆಲವು ಮಕ್ಕಳಿಗೆ ಹಾನಿ ದೊಡ್ಡದೇ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಫೋನ್, ಗೇಮ್‌ಗಳ ಅತಿಬಳಕೆಗೆಂದು ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಅಲ್ಲಿ ಸಾರಾಯಿ ಬಿಡಿಸುವ ಹಾಗೆ ಪೂರ್ತಿ ಬಿಡಿಸುವುದು ಗುರಿಯಲ್ಲ, ಬಳಕೆ ಹದಕ್ಕೆ ಬರಬೇಕು. ಫೋನಿಲ್ಲದ ಬದುಕು ಈಗ ಯಾರಿಗೂ ಸಿಗುವಂಥದ್ದಲ್ಲ ಎಂಬ ಅರಿವು ಆ ಚಿಕಿತ್ಸೆಯಲ್ಲೇ ಇದೆ.

ಕೊರಿಯಾದ ಹತ್ತು ವರ್ಷ, ನಮ್ಮ ಮೂರು ತಿಂಗಳು

ದಕ್ಷಿಣ ಕೊರಿಯಾ 2011ರಲ್ಲಿ 16 ತುಂಬದವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಬಂದ್ ಮಾಡಿತು. ನಿದ್ದೆಗೆಡುವುದನ್ನು ತಪ್ಪಿಸುವುದು ಗುರಿ. ಮಕ್ಕಳು ಅಪ್ಪ ಅಮ್ಮಂದಿರ ಗುರುತಿನ ಸಂಖ್ಯೆ ಹಾಕಿ ಒಳಹೊಕ್ಕರು. ಕಾನೂನು ಬರೆದದ್ದು ಕಂಪ್ಯೂಟರ್ ಗೇಮ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಅಷ್ಟರಲ್ಲಿ ಆಟ ಮೊಬೈಲಿಗೆ ಜಾರಿತ್ತು. 2022ರ ಜನವರಿಯಿಂದ ಆ ಕಾನೂನೇ ರದ್ದಾಯಿತು.

ನಮ್ಮಲ್ಲೂ ಇಂಥದ್ದೊಂದು ಆಗಿದೆ, ಬೇರೆ ಕಾರಣಕ್ಕೆ. ಚೀನಾ ಗಡಿಯ ಸಂಘರ್ಷದ ನಂತರ 2020ರ ಜೂನ್ 29ರಂದು ಭಾರತ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗಕ್ಕೆ ಬಂತು. ಮೂರು ತಿಂಗಳಲ್ಲಿ ಅಂಗಡಿಯ ಬೋರ್ಡು ಬದಲಾಯಿತು, ಗಿರಾಕಿ ಅದೇ. ಹೆಸರು ಹಿಡಿದು ತಡೆಯುವ ಕಾನೂನು ಹೆಸರನ್ನಷ್ಟೇ ತಡೆಯುತ್ತದೆ. ಆಸ್ಟ್ರೇಲಿಯಾದ ಪಟ್ಟಿಯಲ್ಲಿ ಇಲ್ಲದ ಆ್ಯಪ್‌ಗಳತ್ತ ಅಲ್ಲಿನ ಮಕ್ಕಳು ಎಷ್ಟು ಸರಿಯುತ್ತಾರೆ ಎಂಬುದರ ಮೇಲೆ ಆ ಕಾನೂನಿನ ಹಣೆಬರಹ ನಿಂತಿದೆ.

ಭಾರತದಲ್ಲಿ ಬಂದರೆ

ಕರ್ನಾಟಕದಲ್ಲಿ ಈ ಮಾತು ಹೊಸದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ಕರ್ನಾಟಕ ಹೈಕೋರ್ಟ್ ಪೀಠ, ಶಾಲಾ ಮಕ್ಕಳಿಗೆ ಜಾಲತಾಣ ನಿಷೇಧಿಸಿದರೆ ಒಳ್ಳೆಯದು ಎಂದು ಮೌಖಿಕವಾಗಿ ಹೇಳಿತ್ತು. ಅದು ಆದೇಶವಲ್ಲ, ಅಭಿಪ್ರಾಯ. 2025ರ ಏಪ್ರಿಲ್‌ನಲ್ಲಿ 13 ವರ್ಷದ ಒಳಗಿನವರಿಗೆ ನಿಷೇಧ ಕೋರಿದ ಅರ್ಜಿ ಬಂದಾಗ, ಇದು ಸರಕಾರದ ನೀತಿಗೆ ಬಿಟ್ಟ ವಿಷಯ ಎಂದು ಸುಪ್ರೀಂ ಕೋರ್ಟ್ ಕೈಬಿಟ್ಟಿತು.

ಯಾವ ಸರಕಾರ ಎಂಬುದು ಮೊದಲ ತೊಡಕು. ಸಂವಹನ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, ಜಾಲತಾಣಗಳು ನಡೆಯುವುದು ಕೇಂದ್ರದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿ. ರಾಜ್ಯವೊಂದು ತಾನೇ ಕಾನೂನು ಮಾಡಿದರೆ ಅದು ನೇರ ನ್ಯಾಯಾಲಯಕ್ಕೆ ಹೋಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು ನೆನಪಿರಬಹುದು. ಶಾಲೆಯೊಳಗೆ ಫೋನ್ ಬೇಡ ಎನ್ನುವುದು ರಾಜ್ಯದ ಕೈಲಿದೆ. ಶಾಲೆಯ ಗೇಟು ದಾಟಿದ ಮೇಲೆ ಅದರ ಕೈ ಅಷ್ಟು ಉದ್ದವಿಲ್ಲ.

ಕೇಂದ್ರ ಬೇರೆ ದಾರಿ ಹಿಡಿದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳು ಎನ್ನುತ್ತದೆ. ಅವರ ಮಾಹಿತಿ ಬಳಸಲು ಪೋಷಕರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅವರ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಆಸ್ಟ್ರೇಲಿಯಾ ಪೋಷಕರ ಒಪ್ಪಿಗೆಯನ್ನೇ ಒಪ್ಪುವುದಿಲ್ಲ, ಭಾರತ ಎಲ್ಲವನ್ನೂ ಪೋಷಕರ ಹೆಗಲಿಗೆ ಹಾಕುತ್ತದೆ. ಕೇಂದ್ರದ ನಿಯಮ ಒಪ್ಪಿಗೆ ಪಡೆಯುವ ದಾರಿ ಹೇಳುತ್ತದೆಯೇ ಹೊರತು, ಎಲ್ಲರೂ ಒಟ್ಟಿಗೆ ಬಿಡುವ ದಾರಿಯನ್ನಲ್ಲ. ತರಗತಿಯ ಮೂವತ್ತು ಅಪ್ಪಂದಿರು ಒಪ್ಪಿದ ಮೇಲೆ ಮೂವತ್ತೊಂದನೆಯವರು ಎಷ್ಟು ದಿನ ತಡೆದಾರು?

ಮಗು ಯಾರೆಂದು ಗೊತ್ತಾಗಬೇಕಾದರೆ ದೊಡ್ಡವರು ಯಾರೆಂದೂ ಗೊತ್ತಾಗಬೇಕು. ಅಂದರೆ ವಯಸ್ಸಿನ ಗೇಟು ಮಕ್ಕಳಿಗಷ್ಟೇ ಅಲ್ಲ, ಎಲ್ಲ ಬಳಕೆದಾರರಿಗೂ. ಮುಖ ನೋಡಿ ವಯಸ್ಸು ಅಂದಾಜು ಮಾಡುವ ತಂತ್ರಾಂಶ 15ಕ್ಕೂ 17ಕ್ಕೂ ನಡುವೆ ತಡವರಿಸುತ್ತದೆ. ಗುರುತಿನ ಚೀಟಿ ಕೇಳಿದರೆ ಹೆಸರು ಮುಚ್ಚಿಟ್ಟು ಬರೆಯುವವರ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಖಾಸಗಿತನದ ಪರ ಇರುವವರ ಮುಖ್ಯ ಆಕ್ಷೇಪ ಇದು, ಮತ್ತು ಇದಕ್ಕೆ ಸಮಾಧಾನಕರ ಉತ್ತರ ಯಾವ ದೇಶವೂ ಕೊಟ್ಟಿಲ್ಲ.

ಕೊನೆಯ ತೊಡಕು ಹಳ್ಳಿ ಮನೆಯ ಜಗಲಿಯಲ್ಲಿದೆ. ‘ಅಸರ್’ 2024ರ ಪ್ರಕಾರ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ 82.2 ಶೇಕಡಾ ಸ್ಮಾರ್ಟ್‌ಫೋನ್ ಬಳಸಬಲ್ಲರು. ಸಮೀಕ್ಷೆಯ ಹಿಂದಿನ ವಾರ ಅದನ್ನು ಓದಿಗಾಗಿ ಬಳಸಿದವರು 57 ಶೇಕಡಾ, ಜಾಲತಾಣಕ್ಕೆ ಬಳಸಿದವರು 76 ಶೇಕಡಾ. ಆದರೆ ಇವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಸ್ವಂತ ಫೋನಲ್ಲ, ಅಪ್ಪನದೋ ಅಣ್ಣನದೋ. ಅದರಲ್ಲಿ ಹೋಂವರ್ಕ್ ಬರುವ ವಾಟ್ಸ್ಯಾಪ್ ಗುಂಪು ಇದೆ, ಅಮ್ಮ ನೋಡುವ ಅಡುಗೆ ವಿಡಿಯೊ ಇದೆ, ಅಣ್ಣನ ಇನ್‌ಸ್ಟಾಗ್ರಾಂ ಇದೆ. ಖಾತೆಗೆ 42 ವರ್ಷ, ಬೆರಳಿಗೆ 13. ಆಸ್ಟ್ರೇಲಿಯಾದ ಕಾನೂನು ಎಣಿಸುವುದು ಖಾತೆಗಳನ್ನು, 47 ಲಕ್ಷ ಎಂಬ ಸಂಖ್ಯೆ ಬಂದದ್ದೂ ಹಾಗೆಯೇ. ನಮ್ಮಲ್ಲಿ ಅದೇ ಲೆಕ್ಕ ಹಾಕಿದರೆ ಮುಚ್ಚುವುದು ಸ್ವಂತ ಫೋನಿರುವ ನಗರದ ಮಕ್ಕಳ ಖಾತೆ. ಮನೆಗೊಂದೇ ಫೋನಿರುವ ಕಡೆ ಅಪ್ಪನ ಖಾತೆ ಹಾಗೇ ತೆರೆದಿರುತ್ತದೆ, ಅಲ್ಲಿ ಯಾವ ಕಂಪನಿಗೂ ದಂಡ ಹಾಕಲು ಬರುವುದಿಲ್ಲ.

ಡೇಟಾ ಕಾಯ್ದೆಯ ಹೊಣೆಗಳು 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕು. ಆಗ ಕಂಪನಿಗಳು ಪೋಷಕರನ್ನು ಒಪ್ಪಿಗೆ ಕೇಳುವುದು ಬಹುಪಾಲು ಇದೇ ಹಂಚಿಕೊಂಡ ಫೋನುಗಳಲ್ಲಿ. ಒಪ್ಪಿಗೆಯ ಓಟಿಪಿ ಬರುವ ಹೊತ್ತಿಗೆ ಫೋನ್ ಮಗುವಿನ ಕೈಯಲ್ಲೇ ಇದ್ದರೆ ಏನು ಎಂಬುದಕ್ಕೆ ಆ ನಿಯಮಗಳಲ್ಲಿ ಉತ್ತರವಿಲ್ಲ.